‘ಬಸಾ ಆಜಿ, ಮೀ ಕರತೆ’

ಮುಂಬಯಿಯ ಕನ್ನಡಿಗರ ಮನೆಗಳಲ್ಲಿ ಮತ್ತೆ ಮತ್ತೆ ಕಾಣುವ, ಕಂಡಾಗಲೆಲ್ಲ ಕಸಿವಿಸಿ ಹುಟ್ಟಿಸುವ ಸಂಗತಿಯೊಂದಿದೆ. ಹಿರಿಯರನ್ನು ಮನೆಯಲ್ಲೇ ಉಳಿದು ನೋಡಿಕೊಳ್ಳುವ ಸಂಬಳದ ಹೆಂಗಸು, ಇಲ್ಲಿನವರ ಬಾಯಲ್ಲಿ ‘ಮಾವಶಿ’, ಬಂದು ಮೂರು ತಿಂಗಳಾಗಿರುತ್ತದೆ. ಮನೆ ಚೊಕ್ಕವಾಗಿದೆ. ಅಜ್ಜಿಯ ತಲೆ ಬಾಚಿ, ಹಣೆಗೆ ಕುಂಕುಮವಿಟ್ಟು, ಇಸ್ತ್ರಿ ಮಾಡಿದ ನೈಟಿ ತೊಡಿಸಿ ಕುರ್ಚಿಯಲ್ಲಿ ಕೂರಿಸಲಾಗಿದೆ. ಅಮೆರಿಕದಲ್ಲಿರುವ ಮಗ ವಿಡಿಯೋ ಕಾಲ್‌ನಲ್ಲಿ ನೋಡಿ ‘ಅಮ್ಮ ಚೆನ್ನಾಗಿದ್ದಾಳೆ’ ಎಂದು ನೆಮ್ಮದಿಯಿಂದ ಫೋನ್ ಇಡುತ್ತಾನೆ. ಆದರೆ ಮಾವಶಿ ಬರುವ ಮುಂಚೆ ಗೋಡೆ ಹಿಡಿದುಕೊಂಡಾದರೂ ಅಡುಗೆಮನೆಗೆ ಹೋಗಿ ಚಹಾಕ್ಕೆ ನೀರಿಡುತ್ತಿದ್ದ ಅದೇ ಅಜ್ಜಿಗೆ ಈಗ ಕುರ್ಚಿಯಿಂದ ಒಬ್ಬಳೇ ಏಳಲಾಗುವುದಿಲ್ಲ. ಹೊಸ ಕಾಯಿಲೆಯೇನೂ ಬಂದಿಲ್ಲ, ಎಲ್ಲೂ ಬಿದ್ದಿಲ್ಲ. ಕೇಳಿದರೆ ‘ವಯಸ್ಸಾಯಿತಲ್ಲ’ ಎನ್ನುತ್ತಾರೆ. ಮೂರು ತಿಂಗಳಲ್ಲಿ ಎಷ್ಟು ವಯಸ್ಸಾದೀತು?

ಕಾರಣ ಸ್ನಾಯುಗಳಲ್ಲಿದೆ. ಆರೋಗ್ಯವಂತ ಹಿರಿಯರನ್ನು ಬರೇ ಹತ್ತು ದಿನ ಹಾಸಿಗೆಯಲ್ಲೇ ಇರಿಸಿ ಅಳೆದು ನೋಡಿದ ಅಧ್ಯಯನವೊಂದು 2007ರಲ್ಲಿ ಪ್ರಕಟವಾಯಿತು. ಅಷ್ಟರಲ್ಲೇ ಅವರ ಕಾಲುಗಳಿಂದ ಹತ್ತಿರ ಹತ್ತಿರ ಒಂದು ಕಿಲೋ ಸ್ನಾಯು ಕರಗಿತ್ತು. ಅವರು ರೋಗಿಗಳಾಗಿರಲಿಲ್ಲ, ಎದ್ದು ಓಡಾಡಬೇಡಿ ಎಂದಷ್ಟೇ ಹೇಳಲಾಗಿತ್ತು. ನಮ್ಮ ಮನೆಗಳಲ್ಲಿ ‘ಓಡಾಡಬೇಡಿ’ ಎಂದು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ‘ಬಸಾ ಆಜಿ, ಮೀ ಕರತೆ’ ಎನ್ನುತ್ತಾರೆ. ಕೂತ್ಕೊಳ್ಳಿ ಅಜ್ಜಿ, ನಾನು ಮಾಡ್ತೇನೆ. ದಿನಕ್ಕೆ ನಲವತ್ತು ಸಲ, ಪ್ರೀತಿಯಿಂದಲೇ.

ಮಾವಶಿಯನ್ನು ದೂರುವುದಕ್ಕಾಗಿ ಇದನ್ನು ಬರೆಯುತ್ತಿಲ್ಲ. ಅವಳ ಕೆಲಸವನ್ನು ನಾವು ಯಾವ ಅಳತೆಗೋಲಿನಿಂದ ಅಳೆಯುತ್ತೇವೋ ಅವಳು ಅದಕ್ಕೆ ತಕ್ಕಂತೆ ಮಾಡುತ್ತಾಳೆ. ಮನೆಯವರು ನೋಡುವುದು ಹಾಸಿಗೆ ಒದ್ದೆಯಾಗಿಲ್ಲವೇ, ಊಟ ಹೊತ್ತಿಗೆ ಸರಿಯಾಗಿ ಆಯಿತೇ, ಅಜ್ಜಿ ಗಲಾಟೆ ಮಾಡದೆ ಕೂತಿದ್ದಾಳೆಯೇ ಎಂಬ ಮೂರನ್ನೇ. ಈ ಮೂರರಲ್ಲೂ ಪೂರ್ತಿ ಅಂಕ ತೆಗೆಯುವ ಸುಲಭದ ದಾರಿಯೆಂದರೆ ಅಜ್ಜಿಯ ಕೈಯಿಂದ ಎಲ್ಲವನ್ನೂ ತೆಗೆದುಕೊಂಡುಬಿಡುವುದು.

ಏಳುವುದಕ್ಕೆ ಬೇಕಾದ ನಲವತ್ತು ಸೆಕೆಂಡು

ಮಾಟುಂಗದ ಒಂದು ಹಳೆಯ ಕಟ್ಟಡ, ಎರಡನೇ ಮಾಳಿಗೆ, ಲಿಫ್ಟ್ ಇಲ್ಲ. ಹಗಲು ಹೋಟೆಲಿನಲ್ಲಿ ದುಡಿದು ರಾತ್ರಿಶಾಲೆಯಲ್ಲಿ ಓದಿದ ತಲೆಮಾರಿನವರು, ಎಂಬತ್ತನಾಲ್ಕು ವರ್ಷದ ಹಿರಿಯರು. ಸೊಂಟದ ಮೂಳೆ ಮುರಿದು ಆಪರೇಷನ್ ಆಗಿ ಆರು ವಾರ. ನಡೆಸಿ ಎಂದು ಡಾಕ್ಟರು ಹೇಳಿದ್ದರು. ಸಾತಾರಾ ಕಡೆಯ ಮಾವಶಿ, ಗಟ್ಟಿಮುಟ್ಟು, ಒಳ್ಳೆಯ ಮನಸ್ಸು. ಹಿರಿಯರು ಬಾತ್‌ರೂಮಿಗೆ ಹೋಗಬೇಕೆಂದು ಕುರ್ಚಿಯ ಎರಡೂ ಕೈಗಳ ಮೇಲೆ ಅಂಗೈ ಊರಿ ಮುಂದಕ್ಕೆ ಜರುಗತೊಡಗಿದರು. ಇನ್ನೂ ಪಾದ ಸರಿಯಾಗಿ ಊರಿರಲಿಲ್ಲ, ಅಷ್ಟರಲ್ಲಿ ಅವಳು ಬಂದು ಎರಡೂ ಕಂಕುಳಿಗೆ ಕೈಹಾಕಿ ಒಂದೇ ಎಳೆತಕ್ಕೆ ನಿಲ್ಲಿಸಿಬಿಟ್ಟಳು. ಐದು ಸೆಕೆಂಡಿನ ಕೆಲಸ. ‘ಎಷ್ಟು ಚುರುಕು ನೋಡಿ’ ಎಂದರು ಸೊಸೆ. ‘ನಾನು ಏಳ್ತಾ ಇದ್ದೆ ಮಾರಾಯ್ರೆ’ ಎಂದರು ಮಾವ, ಯಾರಿಗೆಂದು ಗೊತ್ತಾಗಲಿಲ್ಲ.

ಕಂಕುಳಿಗೆ ಕೈಹಾಕಿ ಎಳೆಯುವುದು ಇಬ್ಬರಿಗೂ ಕೆಡುಕು. ಹಿರಿಯರ ಭುಜದ ಕೀಲು ಜಾರಬಹುದು, ಎಳೆಯುವವಳ ಸೊಂಟವೂ ಕೈಕೊಡಬಹುದು. ಸರಿಯಾದ ಕ್ರಮ ಹೀಗೆ. ಮೊದಲು ಕುರ್ಚಿಯೇ ಸರಿ ಇರಬೇಕು: ನೆಲದಿಂದ ಹದಿನೇಳು ಹದಿನೆಂಟು ಇಂಚು ಎತ್ತರ, ಗಟ್ಟಿ ಸೀಟು, ಎರಡು ಕೈ. ಮುಂಬಯಿಯ ಹಾಲ್‌ಗಳಲ್ಲಿರುವ ಸೋಫಾ-ಕಮ್-ಬೆಡ್ ತಗ್ಗು ಮತ್ತು ಮೆತ್ತಗೆ. ಅದರಿಂದ ಏಳಲು ನಡುವಯಸ್ಸಿನವರೂ ಮೊಣಕಾಲಿಗೆ ಕೈಕೊಡುತ್ತಾರೆ. ಕುರ್ಚಿಯ ಅಂಚಿನವರೆಗೆ ಮುಂದೆ ಸರಿಯಬೇಕು. ಪಾದಗಳನ್ನು ಮೊಣಕಾಲಿಗಿಂತ ತುಸು ಹಿಂದಕ್ಕೆ ಎಳೆದುಕೊಳ್ಳಬೇಕು. ಅಂಗೈಗಳು ಕುರ್ಚಿಯ ಕೈಗಳ ಮೇಲಿರಬೇಕು, ಮುಂದಿರುವ ವಾಕರ್ ಮೇಲಲ್ಲ, ವಾಕರ್ ಹಿಡಿದು ಎದ್ದರೆ ಅದು ಮಗುಚುತ್ತದೆ. ಮೂಗು ಕಾಲ್ಬೆರಳುಗಳನ್ನು ದಾಟುವಷ್ಟು ಮುಂದೆ ಬಾಗಬೇಕು. ಹೆಚ್ಚಿನವರು ಎಡವುವುದು ಇಲ್ಲೇ. ಬಿದ್ದೇನೆಂಬ ಭಯಕ್ಕೆ ಹಿಂದಕ್ಕೆ ವಾಲುತ್ತಾರೆ, ತೂಕ ಕುರ್ಚಿಯ ಮೇಲೇ ಉಳಿಯುತ್ತದೆ, ಮತ್ತೆ ಕುಸಿದು ಕೂರುತ್ತಾರೆ. ನೋಡಿಕೊಳ್ಳುವವಳು ಬಲ ಕಡಿಮೆಯಿರುವ ಬದಿಗೆ ನಿಂತು, ಒಂದು ಕೈಯನ್ನು ಸೊಂಟದ ಹಿಂದೆ ಇಟ್ಟು, ಒಂದು-ಎರಡು-ಮೂರು ಎಂದು ಎಣಿಸಿ, ಏಳಲು ಬಿಡಬೇಕು. ಎದ್ದ ಮೇಲೆ ಹತ್ತು ಎಣಿಸುವವರೆಗೆ ನಿಂತೇ ಇದ್ದು ಆಮೇಲೆ ಹೆಜ್ಜೆ. ಇಷ್ಟಕ್ಕೆ ನಲವತ್ತು ಸೆಕೆಂಡು ಬೇಕು. ದಿನಕ್ಕೆ ಎಂಟು ಹತ್ತು ಸಲ ಹೀಗೆ ಎದ್ದು ಕೂತರೆ ಅದೇ ಒಂದು ವ್ಯಾಯಾಮ.

ಬೆಳಿಗ್ಗೆ ಹಾಸಿಗೆಯಿಂದ ಏಳುವಾಗ ಮಾತ್ರ ಇನ್ನೂ ನಿಧಾನ. ಕಾಲು ಇಳಿಬಿಟ್ಟು ಒಂದೆರಡು ನಿಮಿಷ ಕೂತೇ ಇರಬೇಕು. ಬಿ.ಪಿ. ಮಾತ್ರೆ, ಪ್ರೋಸ್ಟೇಟ್ ಮಾತ್ರೆ ತೆಗೆದುಕೊಳ್ಳುವವರಿಗೆ ದಿಢೀರನೆ ನಿಂತರೆ ರಕ್ತದೊತ್ತಡ ಇಳಿದು ಕಣ್ಣು ಕತ್ತಲೆ ಬರುತ್ತದೆ. ರಾತ್ರಿ ಮೂತ್ರಕ್ಕೆಂದು ಎದ್ದಾಗಿನ ಎಷ್ಟೋ ಬೀಳುವಿಕೆಗಳ ಮೂಲ ಇದೇ.

ನೂರು ಅಂಕದ ಹಾಳೆ

ಮಾವಶಿಯ ಕೆಲಸಕ್ಕೆ ಬೇರೆ ಅಳತೆಗೋಲು ಬೇಕೆಂದರೆ ಹೊಸದಾಗಿ ಏನನ್ನೂ ಕಂಡುಹಿಡಿಯಬೇಕಿಲ್ಲ. ದಿನನಿತ್ಯದ ಕೆಲಸಗಳಲ್ಲಿ ಒಬ್ಬರು ಎಷ್ಟನ್ನು ತಾವೇ ಮಾಡಿಕೊಳ್ಳುತ್ತಾರೆಂದು ಅಳೆಯುವ ಬಾರ್ಥೆಲ್ ಇಂಡೆಕ್ಸ್ ಎಂಬುದು 1965ರಿಂದ ಇದೆ. ಹತ್ತು ಬಾಬತ್ತು, ಒಟ್ಟು ನೂರು ಅಂಕ. ಊಟಕ್ಕೆ 10, ಸ್ನಾನಕ್ಕೆ 5, ಮುಖ ತೊಳೆದು ತಲೆ ಬಾಚಿಕೊಳ್ಳುವುದಕ್ಕೆ 5, ಬಟ್ಟೆ ಹಾಕಿಕೊಳ್ಳುವುದಕ್ಕೆ 10, ಮಲದ ಹಿಡಿತಕ್ಕೆ 10, ಮೂತ್ರದ ಹಿಡಿತಕ್ಕೆ 10, ಸಂಡಾಸು ಬಳಸುವುದಕ್ಕೆ 10, ಹಾಸಿಗೆಯಿಂದ ಕುರ್ಚಿಗೆ ಬರುವುದಕ್ಕೆ 15, ನಡಿಗೆಗೆ 15, ಮೆಟ್ಟಿಲಿಗೆ 10. ಪೂರ್ತಿ ತಾವೇ ಮಾಡಿದರೆ ಪೂರ್ತಿ ಅಂಕ, ಅರ್ಧ ಸಹಾಯ ಬೇಕಾದರೆ ಅದಕ್ಕೆ ತಕ್ಕಷ್ಟು (5 ಅಂಕದ ಬಾಬತ್ತುಗಳಿಗೆ ಮಾತ್ರ ಐದು ಇಲ್ಲವೇ ಸೊನ್ನೆ). ಒಂದೇ ಒಂದು ನಿಯಮವನ್ನು ಮರೆಯಬಾರದು: ಮಾಡಬಲ್ಲರೇ ಎಂದು ಊಹಿಸಿ ಅಂಕ ಕೊಡುವಂತಿಲ್ಲ, ಈಗ ನಿಜಕ್ಕೂ ಮಾಡುತ್ತಿದ್ದಾರೆಯೇ ಎಂಬುದನ್ನೇ ಬರೆಯಬೇಕು. ಈ ನಿಯಮದಿಂದಲೇ ಗುಟ್ಟು ಹೊರಬೀಳುತ್ತದೆ. ಅಜ್ಜಿಗೆ ಬ್ಲೌಸಿನ ಹುಕ್ ಹಾಕಿಕೊಳ್ಳಲು ಬರುತ್ತದೆ, ಆದರೆ ಎರಡು ತಿಂಗಳಿಂದ ಮಾವಶಿಯೇ ಹಾಕುತ್ತಿದ್ದಾಳೆ ಎಂದರೆ ಹಾಳೆಯಲ್ಲಿ ಅಂಕ ಕಡಿಮೆಯಾಗುತ್ತದೆ. ಮನೆಯವರು ಎಚ್ಚರಗೊಳ್ಳಬೇಕಾದ ಹೊತ್ತು ಅದು. ಇನ್ನೆರಡು ತಿಂಗಳು ಬಿಟ್ಟರೆ ಕೈಬೆರಳಿಗೂ ಆ ಕೆಲಸ ಮರೆತಿರುತ್ತದೆ.

ಮಾವಶಿ ಬಂದ ಮೊದಲ ವಾರವೇ ಈ ಹಾಳೆ ತುಂಬಿ, ತಿಂಗಳಿಗೊಮ್ಮೆ ಮತ್ತೆ ತುಂಬಬೇಕು. ಅಂಕ ಇಳಿಯದಿದ್ದರೆ ಅವಳಿಗೆ ಬಕ್ಷೀಸು ಕೊಡಿ, ಮನೆ ಹೊಳೆಯುತ್ತಿದೆ ಎಂದು ಕೊಡಬೇಡಿ. ಅವಳಿಗೂ ಇದನ್ನು ಮೊದಲ ದಿನವೇ ಬಿಡಿಸಿ ಹೇಳಬೇಕು. ‘ಅಜ್ಜಿಗೆ ಬಟ್ಟೆ ಹಾಕಲು ಇಪ್ಪತ್ತು ನಿಮಿಷ ಹಿಡಿದರೂ ಪರವಾಗಿಲ್ಲ, ನಾವು ಬೈಯುವುದಿಲ್ಲ.’ ನೋಡಿಕೊಳ್ಳುವ ಹೆಂಗಸರು ಆತುರಪಡುವುದು ಹೆಚ್ಚಾಗಿ ಬೈಗುಳದ ಭಯಕ್ಕೆ, ಇಲ್ಲವೇ ಅವರ ಮೇಲೆ ಹೇರಿದ ಬೇರೆ ಕೆಲಸದಿಂದ. ಅಜ್ಜಿಯನ್ನು ನೋಡಿಕೊಳ್ಳಲೆಂದು ಬಂದವಳು ಒಂದು ತಿಂಗಳೊಳಗೆ ಇಡೀ ಮನೆಗೆ ಚಪಾತಿ ಲಟ್ಟಿಸುತ್ತಿರುತ್ತಾಳೆ. ಆಗ ಅಜ್ಜಿ ಕೂತೇ ಇರುತ್ತಾಳೆ.

ಬಾತ್‌ರೂಮು

ನಮ್ಮ ಫ್ಲ್ಯಾಟುಗಳ ಬಾತ್‌ರೂಮೆಂದರೆ ಮೂರು ಅಡಿಗೆ ನಾಲ್ಕು ಅಡಿ, ಒಳಕ್ಕೆ ತೆರೆಯುವ ಬಾಗಿಲು. ಹಿರಿಯರು ಒಳಗೆ ಬಿದ್ದರೆ ಬಾಗಿಲಿಗೇ ಅಡ್ಡವಾಗಿ ಬೀಳುತ್ತಾರೆ, ಹೊರಗಿನಿಂದ ತಳ್ಳಲಾಗುವುದಿಲ್ಲ. ಆದ್ದರಿಂದ ಬೇರೆ ಯಾವ ಖರ್ಚಿಗೂ ಮುಂಚೆ ಬಾಗಿಲನ್ನು ಹೊರಕ್ಕೆ ತೆರೆಯುವಂತೆ ಮಾಡಿಸಿ, ಇಲ್ಲವೇ ಮಡಚುವ ಪಿವಿಸಿ ಬಾಗಿಲು ಹಾಕಿಸಿ. ಒಳಗಿನ ಚಿಲಕ ತೆಗೆಸಿ. ಟವೆಲ್ ಹಾಕುವ ಸರಳು ಮೈಭಾರ ತಡೆಯುವುದಿಲ್ಲ, ಸ್ಕ್ರೂ ಸಮೇತ ಕಿತ್ತುಬರುತ್ತದೆ. ಹಿಡಿದು ಏಳಲೆಂದೇ ಮಾಡಿದ ಗ್ರ್ಯಾಬ್ ಬಾರ್ ಬೇರೆಯೇ, ಅದನ್ನು ಟೈಲ್ಸಿನ ಹಿಂದಿರುವ ಇಟ್ಟಿಗೆಯವರೆಗೆ ಹೋಗುವ ಆ್ಯಂಕರ್ ಬೋಲ್ಟಿನಿಂದ ಕೂರಿಸಬೇಕು. ನೆಲದಿಂದ 33ರಿಂದ 36 ಇಂಚು ಎತ್ತರದಲ್ಲಿ, ಕಮೋಡಿನ ಪಕ್ಕಕ್ಕೊಂದು, ಸ್ನಾನದ ಜಾಗಕ್ಕೊಂದು. ಅಂಟಿಸುವ ಸಕ್ಷನ್ ಹಿಡಿಕೆ ಬೇಡವೇ ಬೇಡ.

ಸ್ನಾನಕ್ಕೆ ರಬ್ಬರ್ ಕಾಲಿನ ಪ್ಲಾಸ್ಟಿಕ್ ಕುರ್ಚಿ. ಬಕೆಟ್ಟನ್ನು ನೆಲದ ಮೇಲಿಟ್ಟರೆ ಬಾಗಬೇಕಾಗುತ್ತದೆ, ತಲೆ ತಿರುಗುತ್ತದೆ. ಅದನ್ನೂ ಒಂದು ಗಟ್ಟಿ ಸ್ಟೂಲಿನ ಮೇಲಿಟ್ಟು ಮಗ್ಗನ್ನು ಅಜ್ಜಿಯ ಕೈಗೇ ಕೊಡಿ. ಮೊದಲು ತಣ್ಣೀರು, ಆಮೇಲೆ ಗೀಸರಿನ ಬಿಸಿನೀರು ಬೆರೆಸಬೇಕು. ಸಕ್ಕರೆ ಕಾಯಿಲೆಯಿಂದ ಪಾದದ ಸ್ಪರ್ಶ ಹೋದವರಿಗೆ ಸುಟ್ಟದ್ದೂ ತಿಳಿಯುವುದಿಲ್ಲ. ಮುಖ, ಎದೆ, ತೊಡೆ ಅವರೇ ತೊಳೆದುಕೊಳ್ಳಲಿ, ಬೆನ್ನು ಮತ್ತು ಪಾದ ಮಾವಶಿಯ ಪಾಲಿಗೆ. ಬೆರಳುಗಳ ಸಂದಿ ಒರೆಸುವುದು ಮಳೆಗಾಲದಲ್ಲಿ ಮುಖ್ಯ, ಜೂನ್ ಕಳೆಯುವಷ್ಟರಲ್ಲಿ ಅಲ್ಲಿ ಶಿಲೀಂಧ್ರ ಹತ್ತುತ್ತದೆ. ಗಂಡಸರ ಸ್ನಾನಕ್ಕೆ ಹೆಂಗಸನ್ನು ಒಪ್ಪಿಸುವುದು ಇಬ್ಬರಿಗೂ ಮುಜುಗರ. ಬೆಳಿಗ್ಗೆ ಒಂದು ತಾಸಿಗೆ ವಾರ್ಡ್‌ಬಾಯ್ ಸಿಗುತ್ತಾನೆ, ಅವನನ್ನು ಗೊತ್ತುಮಾಡಿಕೊಳ್ಳಿ.

ಇನ್ನು ಡೈಪರ್. ಲೋಕಲ್ ರೈಲಿನಲ್ಲಿ ಆಸ್ಪತ್ರೆಗೆ ಹೋಗಿಬರುವ ದಿನಕ್ಕೋ ಭೇದಿಯಾದಾಗಲೋ ಅದು ಉಪಕಾರಿ. ಆದರೆ ಹಿಡಿತವಿರುವವರಿಗೆ ಹಗಲು ಹೊತ್ತು ಡೈಪರ್ ಕಟ್ಟಿ, ‘ಹಾಕಿದ್ದೇವಲ್ಲ, ಅದರಲ್ಲೇ ಮಾಡಿ’ ಎನ್ನುವ ಮನೆಗಳಿವೆ. ಮೊದಮೊದಲು ಅವರು ತಡೆದುಕೊಳ್ಳುತ್ತಾರೆ, ಅವಮಾನ ನುಂಗುತ್ತಾರೆ, ಆಮೇಲೆ ಕೇಳುವುದನ್ನೇ ಬಿಡುತ್ತಾರೆ. ಒಮ್ಮೆ ಬಿಟ್ಟರೆ ಹಿಡಿತವನ್ನು ಮರಳಿ ತರುವುದು ಕಷ್ಟ. ಇದಕ್ಕೆ ಬದಲು ಗಡಿಯಾರದ ಕ್ರಮವಿದೆ: ಎದ್ದ ಕೂಡಲೇ, ಪ್ರತಿ ಊಟದ ನಂತರ, ನಡುವೆ ಎರಡು ಎರಡೂವರೆ ತಾಸಿಗೊಮ್ಮೆ, ಮಲಗುವ ಮುಂಚೆ, ಬೇಕೆನಿಸಲಿ ಬಿಡಲಿ, ಕಮೋಡಿನ ಮೇಲೆ ಐದು ನಿಮಿಷ. ನೀರಿನ ಹೆಚ್ಚಿನ ಪಾಲು ಸಂಜೆ ಆರರೊಳಗೆ ಕುಡಿಸಿ ಮುಗಿಸಬೇಕು. ಒದ್ದೆಯಾದೀತೆಂದು ನೀರನ್ನೇ ಕಡಿಮೆ ಮಾಡುವುದು ಮಾತ್ರ ದೊಡ್ಡ ತಪ್ಪು. ಮೂತ್ರದ ಸೋಂಕು ತಗಲುತ್ತದೆ, ಈ ವಯಸ್ಸಿನಲ್ಲಿ ಅದು ಉರಿ, ಜ್ವರವಾಗಿ ಕಾಣಿಸಿಕೊಳ್ಳದೆ ನೇರ ತಲೆ ಕೆಟ್ಟಂತೆ ಕಾಣಿಸಿಕೊಳ್ಳುವುದೂ ಉಂಟು.

ತಟ್ಟೆಯಲ್ಲಿ ಏನಿದೆ

ಕರಾವಳಿಯ ಹಿರಿಯರಿಗೆ ಕೇಳಿದರೆ ಕುಚ್ಚಿಗೆ ಗಂಜಿ, ಉಪ್ಪಿನಕಾಯಿ ಸಾಕು. ಚಹಾ, ಬಿಸ್ಕತ್ತು. ಮಾವಶಿಗೂ ಸುಲಭ. ಆದರೆ ಮೂತ್ರಪಿಂಡದ ತೊಂದರೆಯಿಲ್ಲದ ಹಿರಿಯರಿಗೆ ಮೈತೂಕದ ಪ್ರತಿ ಕಿಲೋಗೆ ದಿನಕ್ಕೆ 1ರಿಂದ 1.2 ಗ್ರಾಂ ಪ್ರೋಟೀನ್ ಬೇಕು. ಐವತ್ತು ಕಿಲೋ ತೂಗುವ ಅಜ್ಜಿಗೆ 50ರಿಂದ 60 ಗ್ರಾಂ. ಒಂದು ಮೊಟ್ಟೆಯಲ್ಲಿ 6 ಗ್ರಾಂ, ಒಂದು ಲೋಟ ಹಾಲಿನಲ್ಲಿ ಸುಮಾರು ಅಷ್ಟೇ, ಒಂದು ಬಟ್ಟಲು ಗಟ್ಟಿ ತೊವ್ವೆಯಲ್ಲಿ ಆರೇಳು, ನೂರು ಗ್ರಾಂ ಬಂಗುಡೆಯಲ್ಲಿ ಹತ್ತೊಂಬತ್ತು ಇಪ್ಪತ್ತು. ಲೆಕ್ಕ ಹಾಕಿ ನೋಡಿ, ಗಂಜಿ-ಉಪ್ಪಿನಕಾಯಿಯ ದಿನ ಇಪ್ಪತ್ತೈದನ್ನೂ ಮುಟ್ಟುವುದಿಲ್ಲ. ಇಷ್ಟನ್ನು ಮೂರೂ ಹೊತ್ತಿಗೆ ಹಂಚಬೇಕು. ಮಧ್ಯಾಹ್ನ ಒಂದೇ ಸಲ ತುರುಕಿದರೆ ಸ್ನಾಯುಗಳಿಗೆ ಅಷ್ಟು ಪ್ರಯೋಜನವಿಲ್ಲ. ಮೀನು ತಿನ್ನದ ಮನೆಯಲ್ಲಿ ಮಾವಶಿ ತಾನು ತಿನ್ನುವುದನ್ನು ಎಲ್ಲಿ ಬೇಯಿಸಬೇಕು ಎಂಬ ಜಗಳವನ್ನೂ ಮೊದಲ ದಿನವೇ ಇತ್ಯರ್ಥ ಮಾಡಿಕೊಳ್ಳುವುದು ಒಳ್ಳೆಯದು. ಅದಕ್ಕಾಗಿಯೇ ಬಿಟ್ಟುಹೋದವರಿದ್ದಾರೆ.

ಊಟ ಮಾಡುವಾಗ ಕೆಮ್ಮು, ಉಂಡ ಮೇಲೆ ಗಂಟಲಲ್ಲಿ ನೀರಿದ್ದಂಥ ಗೊರಗೊರ ದನಿ ಬಂದರೆ ನುಂಗುವುದರಲ್ಲಿ ತೊಂದರೆಯಿದೆ. ತಿಳಿಸಾರು ಕಲಸಿದ ಅನ್ನ ಇಂಥವರಿಗೆ ಅಪಾಯ, ಸಾರು ಮೊದಲು ಜಾರಿ ಶ್ವಾಸನಾಳಕ್ಕೆ ಇಳಿಯುತ್ತದೆ, ಅಗುಳು ಬಾಯಲ್ಲೇ ಉಳಿಯುತ್ತದೆ. ಒಂದೇ ಹದದ್ದು ಕೊಡಬೇಕು, ರಾಗಿ ಅಂಬಲಿಯ ಗಟ್ಟಿತನದಲ್ಲಿ. ನೇರ ಕೂತು, ಗಲ್ಲ ತುಸು ಕೆಳಗೆ ಮಾಡಿ, ಸಣ್ಣ ಚಮಚದಲ್ಲಿ. ಉಂಡ ಮೇಲೆ ಅರ್ಧ ತಾಸು ಮಲಗಿಸಬಾರದು.

ಸಂಜೆ ಐದರ ನಂತರ

ಡೊಂಬಿವಲಿಯ ಇನ್ನೊಂದು ಮನೆ. ಎಪ್ಪತ್ತೊಂಬತ್ತರ ತಾಯಿ, ಮಾತೃಭಾಷೆ ತುಳು, ಐವತ್ತು ವರ್ಷ ಮುಂಬಯಿಯಲ್ಲಿದ್ದವರು, ಮೀನು ಮಾರುವ ಕೋಳಿಣಿಯ ಜೊತೆ ಮರಾಠಿಯಲ್ಲಿ ಚೌಕಾಸಿ ಮಾಡಿ ಗೆಲ್ಲುತ್ತಿದ್ದವರು. ಡಿಮೆನ್ಷಿಯಾ, ಅಂದರೆ ಮರೆವಿನ ಕಾಯಿಲೆ, ಬಂದ ಮೇಲೆ ಆ ಮರಾಠಿ ಹೋಯಿತು, ಹಿಂದಿಯೂ ಹೋಯಿತು. ಸಂಜೆಯಾದರೆ ಬಾಗಿಲ ಬಳಿ ನಿಂತು ‘ಎಂಕ್ ಇಲ್ಲಡೆ ಪೋವೊಡು’ (ನನಗೆ ಮನೆಗೆ ಹೋಗಬೇಕು) ಎನ್ನುತ್ತಿದ್ದರು. ಬೀಡ್ ಜಿಲ್ಲೆಯ ಮಾವಶಿಗೆ ಅದು ಅರ್ಥವಾಗುವುದಾದರೂ ಹೇಗೆ? ಮಗಳು ಫೋನಿನಲ್ಲಿ ಅರ್ಥ ಹೇಳಿದ ಮೇಲೆ ‘ಹೇ ತುಮಚಂಚ ಘರ ಆಹೆ, ಆಜಿ’ (ಇದು ನಿಮ್ಮದೇ ಮನೆ, ಅಜ್ಜಿ) ಎಂದು ವಾದಿಸತೊಡಗಿದಳು. ವಾದ ಹೆಚ್ಚಿದಷ್ಟೂ ಆಜಿಯ ಕೂಗು ಹೆಚ್ಚಿತು. ಕೊನೆಗೆ ಬಾಗಿಲಿಗೆ ಬೀಗ.

ಆ ಮನೆಯಲ್ಲಿ ಬದಲಿಸಿದ್ದು ಸಣ್ಣ ಸಣ್ಣ ಸಂಗತಿಗಳನ್ನು. ನಾಲ್ಕೂವರೆಗೇ, ಕತ್ತಲಾಗುವ ಮುಂಚೆಯೇ, ಎಲ್ಲ ದೀಪ ಹಾಕುವುದು. ಆ ಹೊತ್ತಿಗೇ ಚಹಾ, ಜೊತೆಗೆ ತಿನ್ನಲು ಏನಾದರೂ. ಮನೆಗೆ ಹೋಗಬೇಕೆಂದರೆ ಇಲ್ಲವೆನ್ನದೆ ಚಪ್ಪಲಿ ಹಾಕಿಸಿ ಸೊಸೈಟಿಯ ಗೇಟಿನವರೆಗೆ ಒಂದು ಸುತ್ತು. ಬಂದ ಮೇಲೆ ಮುರಿಯಲು ಒಂದು ಮೊರ ಅಲಸಂಡೆ. ಕೈಗೆ ಕೆಲಸ ಬಂದ ಕೂಡಲೇ ಆಕೆ ಮನೆಯೊಡತಿಯಾಗಿ, ‘ಇಷ್ಟು ದಪ್ಪ ಮುರಿಯುವುದಾ’ ಎಂದು ತುಳುವಿನಲ್ಲಿ ಮಾವಶಿಯನ್ನೇ ತಿದ್ದುತ್ತಿದ್ದರು. ಗೋಡೆಗೆ ದೇವನಾಗರಿಯಲ್ಲಿ ಬರೆದ ಹಾಳೆಯೊಂದನ್ನು ಅಂಟಿಸಲಾಯಿತು: ನೀರ್, ಬಡವು (ಹಸಿವು), ಬೇನೆ (ನೋವು), ಯಾವು (ಸಾಕು), ಇಲ್ಲ್ (ಮನೆ), ಎದುರಿಗೆ ಮರಾಠಿಯ ಅರ್ಥ. ಬೇನೆ ಎಂದು ಕೇಳಿಸಿಕೊಳ್ಳಲು ಬಂದದ್ದರಿಂದಲೇ ಒಂದು ಹುಳುಕು ಹಲ್ಲು ಪತ್ತೆಯಾಯಿತು. ತಿಂಗಳಿಂದ ಅವರು ಊಟ ತಳ್ಳುತ್ತಿದ್ದುದು ಹಟದಿಂದೆಂದು ಎಲ್ಲರೂ ತಿಳಿದಿದ್ದರು. ಇಲ್ಲಿ ಇನ್ನೊಂದು ಮಾತು: ಗೊಂದಲ, ಕೂಗಾಟ ಒಂದೆರಡು ದಿನದಲ್ಲಿ ದಿಢೀರನೆ ಏರಿದರೆ ಅದನ್ನು ಡಿಮೆನ್ಷಿಯಾದ ಲೆಕ್ಕಕ್ಕೆ ಬರೆಯದೆ ಅದೇ ದಿನ ಡಾಕ್ಟರಿಗೆ ತೋರಿಸಬೇಕು. ಸೋಂಕು, ಮಲಬದ್ಧತೆ, ಸೋಡಿಯಂ ಇಳಿದದ್ದು, ಹೊಸ ಮಾತ್ರೆ, ಯಾವುದೂ ಆಗಿರಬಹುದು.

ಮಾತ್ರೆಯ ವಿಷಯದಲ್ಲಿ ಚುಟುಕಾಗಿ: ವಾರದ ಡಬ್ಬಿಯನ್ನು ಮನೆಯವರೇ ತುಂಬಬೇಕು, ಮಾವಶಿ ಅದರಿಂದ ತೆಗೆದುಕೊಡುವುದಷ್ಟೇ. ಥೈರಾಯ್ಡ್ ಮಾತ್ರೆ ಖಾಲಿ ಹೊಟ್ಟೆಗೆ, ಕಾಫಿಗಿಂತ ಅರ್ಧ ಒಂದು ತಾಸು ಮುಂಚೆ, ಕ್ಯಾಲ್ಸಿಯಂ, ಕಬ್ಬಿಣದ ಮಾತ್ರೆ ಅದಕ್ಕಿಂತ ನಾಲ್ಕು ತಾಸು ದೂರ. ಹೆಸರಿನ ಮುಂದೆ ಎಸ್‌ಆರ್, ಎಕ್ಸ್‌ಆರ್ ಎಂದಿರುವುದು ಔಷಧವನ್ನು ನಿಧಾನವಾಗಿ ಬಿಡುವ ಮಾತ್ರೆ, ಅದನ್ನು ಪುಡಿಮಾಡಬಾರದು. ಸಕ್ಕರೆ ಕಾಯಿಲೆಯವರ ರಕ್ತದ ಸಕ್ಕರೆ 70ಕ್ಕಿಂತ ಇಳಿದರೆ, ಎಚ್ಚರವಿದ್ದು ನುಂಗಬಲ್ಲರಾದರೆ, ಮೂರು ಚಮಚ ಸಕ್ಕರೆ ನೀರಿನಲ್ಲಿ ಕಲಕಿ ಕುಡಿಸಿ, ಹದಿನೈದು ನಿಮಿಷಕ್ಕೆ ಮತ್ತೆ ನೋಡಬೇಕು. ಅಜ್ಜಿ ಹಗಲೂ ತೂಕಡಿಸುತ್ತಿದ್ದಾಳೆ ಎಂದರೆ ನಿದ್ದೆ ಮಾತ್ರೆಯ ಸ್ಟ್ರಿಪ್ ಎಣಿಸಿ ನೋಡಿ.

ಅವಳ ನಿದ್ದೆ, ಅವಳ ರಜೆ

ಮಾವಶಿಯರನ್ನು ಒದಗಿಸುವ ಬ್ಯೂರೋದವರು ‘24 ತಾಸಿನ ಡ್ಯೂಟಿ’ ಎನ್ನುತ್ತಾರೆ. ಹಾಗೆಂದರೆ ಇಪ್ಪತ್ತನಾಲ್ಕು ತಾಸೂ ಎಚ್ಚರವಿರುವುದೆಂದು ನಂಬಿದ ಮನೆಗಳಲ್ಲಿ ಮಾವಶಿಯರು ನಿಲ್ಲುವುದಿಲ್ಲ, ನಿಂತರೂ ನಿದ್ದೆಗೆಟ್ಟ ಕಣ್ಣಿನಲ್ಲಿ ಹಿರಿಯರನ್ನು ಹಿಡಿದು ನಡೆಸುತ್ತಾರೆ. ರಾತ್ರಿ ಒಂದೆರಡು ಸಲ ಏಳುವುದಾದರೆ ಒಬ್ಬಳಿಂದ ಸಾಗುತ್ತದೆ, ಮಧ್ಯಾಹ್ನ ಎರಡು ತಾಸು ಪೂರ್ತಿ ಬಿಡುವು ಕೊಡಬೇಕು. ಮೂರು ನಾಲ್ಕು ಸಲ ಏಳಬೇಕಾದರೆ 12 ತಾಸಿನ ಇಬ್ಬರು ಬೇಕು, ಬೇರೆ ಉಪಾಯವಿಲ್ಲ. ಒನ್ ಬಿಎಚ್‌ಕೆಯಲ್ಲಿ ಅವಳಿಗೆ ಕೋಣೆ ಕೊಡಲಾಗದಿದ್ದರೂ ಒಂದು ಪರದೆ, ಬೀಗ ಹಾಕುವ ಒಂದು ಕಪಾಟು, ಫೋನ್ ಚಾರ್ಜ್ ಮಾಡಲು ಒಂದು ಪ್ಲಗ್ ಕೊಡಬಹುದು.

ವಾರದ ರಜೆ ಅವಳಿಗೆ ಎಷ್ಟು ಬೇಕೋ ಮನೆಯವರಿಗೆ ಅದಕ್ಕಿಂತ ಹೆಚ್ಚು ಬೇಕು. ಆ ದಿನ ಮಗನೋ ಸೊಸೆಯೋ ತಾವೇ ಎಬ್ಬಿಸಿ, ಸ್ನಾನ ಮಾಡಿಸಿ, ನಡೆಸಬೇಕು. ಹಿಮ್ಮಡಿ, ಬೆನ್ನಿನ ಬಾಲದೆಲುಬು, ಸೊಂಟದ ಎರಡು ಬದಿ, ಮೊಣಕೈ ಇಷ್ಟನ್ನೂ ಕಣ್ಣಾರೆ ನೋಡಬೇಕು. ಕೆಂಪಗಿದ್ದ ಕಡೆ ಬೆರಳಿನಿಂದ ಒತ್ತಿ ಬಿಟ್ಟಾಗ ಬಿಳಿಚಿ ಮತ್ತೆ ಕೆಂಪಾದರೆ ಸರಿ. ಒತ್ತಿದರೂ ಕೆಂಪು ಕದಲದಿದ್ದರೆ ಅದು ಹಾಸಿಗೆ ಹುಣ್ಣಿನ ಮೊದಲ ಹಂತ. ಕಪ್ಪು ಚರ್ಮದ ಮೇಲೆ ಕೆಂಪು ಕಾಣದೆ ಇರಬಹುದು, ಮುಟ್ಟಿದರೆ ಬಿಸಿ ಅಥವಾ ಗಟ್ಟಿ ಅನಿಸುತ್ತದೆ. ಗಾಳಿ ತುಂಬಿದ ಬಳೆಯಾಕಾರದ ದಿಂಬು ಇದಕ್ಕೆ ಮದ್ದಲ್ಲ, ಸುತ್ತಲಿನ ರಕ್ತಸಂಚಾರವನ್ನೇ ಅದು ತಡೆಯುತ್ತದೆ.

ಬ್ಯೂರೋ ಜೊತೆ ಮಾತಾಡುವಾಗ ಬರಹದಲ್ಲಿ ಕೇಳಬೇಕಾದ ಮೂರು ಸಂಗತಿ: ನಾವು ಕೊಡುವುದರಲ್ಲಿ ಅವಳ ಕೈಗೆ ಎಷ್ಟು, ಅವಳು ಹೋದರೆ ಬದಲಿ ಎಷ್ಟು ದಿನದೊಳಗೆ, ಹಿರಿಯರು ಆಸ್ಪತ್ರೆ ಸೇರಿದರೆ ಆ ದಿನಗಳ ಲೆಕ್ಕವೇನು. ಆಧಾರ್ ಪ್ರತಿ, ಫೋಟೋ ಸಮೇತ ಪೊಲೀಸ್ ವೆರಿಫಿಕೇಶನ್ ಮಾಡಿಸುವುದು ಎಲ್ಲರಿಗೂ ಗೊತ್ತು, ಆದರೂ ಮುಂದೂಡುತ್ತಾರೆ. ಗಣಪತಿ ಹಬ್ಬದ ಹೊತ್ತಿಗೆ ಕೊಂಕಣದ ಹೆಂಗಸರೆಲ್ಲ ಊರಿಗೆ ಹೋಗುತ್ತಾರೆ, ಬದಲಿಯೂ ಸಿಗುವುದಿಲ್ಲ. ಜುಲೈನಲ್ಲೇ ಮನೆಯವರಲ್ಲಿ ಯಾರು ರಜೆ ಹಾಕಬೇಕೆಂದು ತೀರ್ಮಾನವಾಗಿರಲಿ. ಫ್ರಿಜ್ ಮೇಲೆ ಮಾತ್ರೆಗಳ ಪಟ್ಟಿ, ಅಲರ್ಜಿ, ಡಾಕ್ಟರ ನಂಬರು, ಆ್ಯಂಬುಲೆನ್ಸಿನ 108, ಹಿರಿಯರ ಸಹಾಯವಾಣಿ 14567. ಕೊನೆಯದು ಹಿರಿಯರ ಕಣ್ಣಿಗೂ ಬೀಳುವಷ್ಟು ದೊಡ್ಡಕ್ಷರದಲ್ಲಿ, ಅದು ಮನೆಯವರ ಮೇಲೆ ದೂರು ಕೊಡಲಿಕ್ಕೂ ಇರುವ ನಂಬರು.

ಎಲ್ಲ ಮಾಡಿದರೂ ಆ ಹಾಳೆಯ ಅಂಕ ಒಂದು ದಿನ ಇಳಿಯತೊಡಗುತ್ತದೆ. ಪಾರ್ಕಿನ್ಸನ್ ಬಲಿತಾಗ, ಎರಡನೇ ಸ್ಟ್ರೋಕ್ ಆದಾಗ, ಡಿಮೆನ್ಷಿಯಾದ ಕೊನೆಯ ಹಂತದಲ್ಲಿ ಎದ್ದು ನಿಲ್ಲಿ ಎಂದು ಪೀಡಿಸುವುದು ಕ್ರೌರ್ಯ. ಆಗ ಕೆಲಸವೇ ಬೇರೆ: ಗಾಳಿ ಹಾಸಿಗೆಯಿದ್ದರೂ ಹಗಲು ರಾತ್ರಿ ಎರಡೆರಡು ತಾಸಿಗೆ ಮಗ್ಗುಲು ಬದಲಿಸುವುದು, ಉಣಿಸುವ ಹೊತ್ತು ಮತ್ತು ಅದರ ನಂತರದ ಅರ್ಧ ತಾಸು ಬಿಟ್ಟರೆ ತಲೆಯ ಕಡೆ 30 ಡಿಗ್ರಿಗಿಂತ ಮೇಲೆ ಏರಿಸದಿರುವುದು, ಮೀನಖಂಡದ ಕೆಳಗೆ ದಿಂಬಿಟ್ಟು ಹಿಮ್ಮಡಿ ಹಾಸಿಗೆಗೆ ತಾಗದಂತೆ ತೇಲಿಸುವುದು, ಒದ್ದೆ ಬಟ್ಟೆಯಿಂದ ಬಾಯಿ ಒರೆಸುವುದು, ಕ್ಯಾಥೆಟರ್ (ಮೂತ್ರದ ನಳಿಕೆ) ಚೀಲವನ್ನು ಮೂತ್ರಕೋಶಕ್ಕಿಂತ ಕೆಳಗೆ, ಆದರೆ ನೆಲಕ್ಕೆ ತಾಗದಂತೆ ತೂಗುಹಾಕುವುದು. ರಾತ್ರಿಯ ಮಗ್ಗುಲು ಬದಲಿಸುವ ಸರದಿಯೇ ನಾಲ್ಕು ಸಲ ಬರುತ್ತದೆ. ಆ ಹಂತಕ್ಕೆ ಬಂದ ಮನೆಯಲ್ಲಿ ಒಬ್ಬಳೇ ಮಾವಶಿಯನ್ನು ಉಳಿಸಿಕೊಂಡು ಸಂಬಳ ಹೆಚ್ಚಿಸಿದರೆ ಆಗುವಂಥದ್ದಲ್ಲ, ರಾತ್ರಿಗೆ ಎರಡನೆಯವಳು ಬೇಕೇ ಬೇಕು.